ಮೂವತ್ತು ಇಂಚಿನ ಮೇಜು, ಐದಡಿಯ ಮೈ

ನಮ್ಮ ಮನೆ, ಕಚೇರಿ, ಬ್ಯಾಂಕು, ಸೈಬರ್ ಅಂಗಡಿಗಳಲ್ಲಿರುವ ಮೇಜುಗಳನ್ನು ಟೇಪು ಹಿಡಿದು ಅಳೆಯಿರಿ. ಬಹುತೇಕ ಎಲ್ಲವೂ ಒಂದೇ ಎತ್ತರ: 29ರಿಂದ 30 ಇಂಚು. ಊಟದ ಮೇಜೂ ಅಷ್ಟೇ, ಗುಮಾಸ್ತರ ಮೇಜೂ ಅಷ್ಟೇ, ಆನ್‌ಲೈನ್‌ನಲ್ಲಿ ತರಿಸಿ ಸ್ಕ್ರೂ ಬಿಗಿದು ಜೋಡಿಸಿಕೊಂಡ ಕಂಪ್ಯೂಟರ್ ಟೇಬಲ್ಲೂ ಅಷ್ಟೇ. ಹಾಳೆಯ ಮೇಲೆ ಬಾಗಿ ಪೆನ್ನಿನಲ್ಲಿ ಬರೆಯುವವರಿಗೆ ಈ ಎತ್ತರ ನಡೆದೀತು. ಎರಡೂ ಕೈಯನ್ನು ಕೀಬೋರ್ಡ್ ಮೇಲಿಟ್ಟು ದಿನಕ್ಕೆ ಏಳೆಂಟು ಗಂಟೆ ಬೆರಳಾಡಿಸುವವರಿಗೆ ನಡೆಯದು. ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರಿಗೆ ನೆನಪಿರಬಹುದು, ಟೈಪ್‌ರೈಟರಿಗೆಂದೇ ಮಾಡಿಸಿದ ಮೇಜು ಬರೆಯುವ ಮೇಜಿಗಿಂತ ಗಿಡ್ಡವಾಗಿರುತ್ತಿತ್ತು. ಕಂಪ್ಯೂಟರ್ ಬಂದಾಗ ಆ ಗಿಡ್ಡ ಮೇಜು ಗೋದಾಮು ಸೇರಿತು, ಕೀಬೋರ್ಡ್ ಬರೆಯುವ ಮೇಜನ್ನೇರಿತು. ಇವತ್ತು ಕಂಪ್ಯೂಟರ್ ಮುಂದೆ ದುಡಿಯುವವರ ಕುತ್ತಿಗೆ ನೋವು, ಭುಜದ ಸೆಳೆತಗಳಲ್ಲಿ ದೊಡ್ಡ ಪಾಲು ಈ ಅದಲುಬದಲಿನಿಂದ ಬಂದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೋವು ಎಂದವರಿಗೆ ನಾವು ಕೊಡುವ ಮೊದಲ ಬುದ್ಧಿವಾದ ‘ನೆಟ್ಟಗೆ ಕೂತ್ಕೋ’. ಮೇಜು, ಕುರ್ಚಿ ಮೈಗೆ ಒಗ್ಗದಿದ್ದರೆ ನೆಟ್ಟಗೆ ಕೂರುವುದು ಹತ್ತು ನಿಮಿಷದ ಮಾತು. ಆಮೇಲೆ ಮೈ ಹೇಗೋ ಒಂದು ಕಡೆ ವಾಲಿ, ಬಾಗಿ, ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಅಂಗಿ ಬಿಗಿಯಾಯಿತೆಂದರೆ ದರ್ಜಿ ಹೊಲಿಗೆ ಬಿಚ್ಚಿ ಸರಿಮಾಡಿಕೊಡುತ್ತಾನೆಯೇ ಹೊರತು ಮೈ ಕುಗ್ಗಿಸಿಕೊ ಎನ್ನುವುದಿಲ್ಲ. ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ನಾವು ದಿನಾ ಅದನ್ನೇ ಹೇಳುತ್ತಿದ್ದೇವೆ.

ನಮ್ಮ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಒಂದು ಡಿಟಿಪಿ ಅಂಗಡಿಯಿದೆ. ಕ್ರಯಪತ್ರ, ಅಫಿಡವಿಟ್ಟು, ಲಗ್ನಪತ್ರಿಕೆ, ಸಂಘದ ವಾರ್ಷಿಕ ವರದಿ ಎಲ್ಲ ಅಲ್ಲಿ ಟೈಪಾಗುತ್ತವೆ. ಅಲ್ಲಿ ಟೈಪು ಮಾಡುವ ಅಕ್ಕ ಸಂಜೆ ಹೊತ್ತಿಗೆ ಎಡಗೈಯಿಂದ ಬಲಭುಜ ಹಿಸುಕಿಕೊಳ್ಳುತ್ತಾ ಕೂತಿರುತ್ತಿದ್ದರು. ‘ಏನಕ್ಕಾ, ಭುಜ ಮತ್ತೆ ಹಿಡ್ಕೊಂಡಿದೆಯಾ?’ ಎಂದರೆ, ‘ಮದುವೆ ಸೀಸನ್ ಅಲ್ವಾ ಸಾರ್, ಮುಗಿದ್ರೆ ಸರಿಹೋಗುತ್ತೆ ಬಿಡಿ’ ಎನ್ನುತ್ತಿದ್ದರು. ಆಷಾಢ ಬಂತು, ಲಗ್ನಪತ್ರಿಕೆ ನಿಂತವು, ಭುಜ ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಟೈಲರ್ ಅಂಗಡಿಯಿಂದ ಟೇಪು ತರಿಸಿ ಅಳೆದು ನೋಡಿದೆವು.

ಅಕ್ಕನ ಎತ್ತರ ಐದಡಿ. ಪಾದ ನೆಲಕ್ಕೆ ಊರಿ ಕೂತಾಗ ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ, ಚಪ್ಪಲಿ ಸೇರಿ, 15.5 ಇಂಚು. ಅವರಿಗೆ ಬೇಕಾದ ಕುರ್ಚಿಯ ಎತ್ತರ ಅಷ್ಟು. ತೋಳು ಸಡಿಲ ಬಿಟ್ಟು ಮೊಣಕೈ ಮಡಿಸಿದಾಗ ಕುರ್ಚಿಯಿಂದ ಮೊಣಕೈಗೆ 8 ಇಂಚು. ಎರಡೂ ಕೂಡಿದರೆ 23.5. ಕೀಬೋರ್ಡ್ ಇರಬೇಕಾದದ್ದು ಹೆಚ್ಚುಕಡಿಮೆ ಆ ಮಟ್ಟದಲ್ಲಿ. ಇದ್ದದ್ದು 30 ಇಂಚಿನ ಮೇಜಿನ ಮೇಲೆ. ಅವರು ಕೂರುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯ ಎತ್ತರ 17 ಇಂಚು. ಹಾಗಾಗಿ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ಅಷ್ಟು ಮೇಲೆ ಕೂತರೂ ಮೊಣಕೈ ಮೇಜಿಗಿಂತ ಐದು ಇಂಚು ಕೆಳಗೇ ಉಳಿಯುತ್ತಿತ್ತು. ಕಾಲಿಗೆ ಕುರ್ಚಿ ಎತ್ತರ, ಕೈಗೆ ಅದೇ ಕುರ್ಚಿ ತಗ್ಗು.

ಆ ಐದು ಇಂಚನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕಲ್ಲ, ಭುಜ ಮೇಲೆತ್ತಿ ತುಂಬಿಕೊಳ್ಳುತ್ತಾರೆ. ಕುತ್ತಿಗೆಯಿಂದ ಭುಜಕ್ಕೆ ಹರಡಿರುವ ಟ್ರೆಪೀಜಿಯಸ್ ಸ್ನಾಯು ಇಡೀ ದಿನ ಬಿಗಿದೇ ಇರುತ್ತದೆ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ನಡೆಯುವಾಗ ಕಾಲಿನ ಸ್ನಾಯು ಬಿಗಿದು ಸಡಿಲಾಗಿ ಪಡೆಯುವ ವಿಶ್ರಾಂತಿ ಇದಕ್ಕೆ ಸಿಗುವುದಿಲ್ಲ. ಭಾರ ಎತ್ತದೆ, ಬೆವರು ಸುರಿಸದೆ, ಕೂತಲ್ಲೇ ಕೂತವರಿಗೆ ಮೈ ನೋಯುವುದು ಹೀಗೆ. ‘ಕೂತು ಮಾಡೋ ಕೆಲಸಕ್ಕೆ ಎಂಥಾ ನೋವು’ ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರವೂ ಇದೇ.

ಎತ್ತರದವರು ಪಾರಾದರು ಎಂದುಕೊಳ್ಳುವಂತಿಲ್ಲ. ಸುಮಾರು ಆರಡಿಯ ಗಂಡಸು ಪಾದ ಊರಿ ಕೂತರೂ ಮೊಣಕೈ 27-28 ಇಂಚಿನ ಹತ್ತಿರ ನಿಲ್ಲುತ್ತದೆ. ಅಂದರೆ ಈ ಮೇಜು ಅವನಿಗೂ ತುಸು ಎತ್ತರವೇ. ನಮ್ಮ ಹೆಂಗಸರಿಗಂತೂ ತೀರಾ ಎತ್ತರ. ಭಾರತೀಯರ ಮೈಯಳತೆ ಯಾರೂ ತೆಗೆದಿಲ್ಲ ಎಂಬ ನೆಪವೂ ನಡೆಯದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಈ ಅಳತೆಗಳ ಬಗ್ಗೆ ದೇಬ್‌ಕುಮಾರ್ ಚಕ್ರಬರ್ತಿಯವರು ಬರೆದ ಪುಸ್ತಕವನ್ನು ಪ್ರಕಟಿಸಿತು. ಕೂತಾಗಿನ ಮೊಣಕಾಲು, ಮೊಣಕೈ, ಕಣ್ಣಿನ ಎತ್ತರಗಳೆಲ್ಲ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ಅದರಲ್ಲಿವೆ. ಪೀಠೋಪಕರಣ ಮಾಡುವವರೂ ಕೊಳ್ಳುವವರೂ ಅದನ್ನು ತೆರೆದು ನೋಡಿದ್ದರೆ 30 ಇಂಚು ಹೀಗೆ ಊರೂರಿಗೂ ಹಬ್ಬುತ್ತಿರಲಿಲ್ಲ.

ಸರಿಮಾಡಲು ಮೂರು ದಾರಿಗಳಿವೆ, ಮೂರರಲ್ಲಿ ಮರದ ಮೇಜಿದ್ದವರಿಗೆ ನನ್ನ ಮೆಚ್ಚಿನದು ಬಡಗಿಯನ್ನು ಕರೆಸಿ ಕಾಲು ಕೊಯ್ಯಿಸುವುದು. ಅಕ್ಕನ ಅಂಗಡಿಯ ಮಾಲೀಕರು ಮೊದಲು ಹಿಂದುಮುಂದು ನೋಡಿದರು, ಆಮೇಲೆ ಒಪ್ಪಿದರು. ನಾಲ್ಕು ಇಂಚು ಕೊಯ್ದ ಮೇಲೆ ಮೇಜು 26ಕ್ಕೆ ಇಳಿಯಿತು. ಕುರ್ಚಿಗೆ ಒಂದು ಇಂಚಿನ ಗಟ್ಟಿ ದಿಂಬು ಹಾಕಿ 18 ಮಾಡಿದೆವು. ಅದಕ್ಕೆ 8 ಕೂಡಿದರೆ ಮೊಣಕೈಯೂ 26. ಪಾದದಡಿ ಉಳಿದ ಎರಡೂವರೆ ಇಂಚಿಗೆ ಮನೆಯಲ್ಲಿದ್ದ ಊಟದ ಮಣೆ ಬಂತು. ಕಬ್ಬಿಣದ ಮೇಜಾಗಿದ್ದರೆ, ಬಾಡಿಗೆ ಮನೆಯ ಮೇಜಾಗಿದ್ದರೆ ಕೊಯ್ಯಲಾಗದು. ಆಗ ಮೇಜಿನ ಹಲಗೆಯ ಕೆಳಗೆ ಎಳೆದು ತಳ್ಳುವ ಕೀಬೋರ್ಡ್ ಟ್ರೇ ಹಾಕಿಸಬಹುದು. ಮೂರ್ನಾಲ್ಕು ಇಂಚು ಅಲ್ಲೇ ಸಿಗುತ್ತದೆ. ಅದೂ ಬೇಡವಾದರೆ ಕುರ್ಚಿಯನ್ನು ಮೊಣಕೈ ಮೇಜಿನ ಮಟ್ಟಕ್ಕೆ ಬರುವವರೆಗೆ ಏರಿಸಿ, ಕಾಲಡಿಗೆ ಅಷ್ಟೇ ಎತ್ತರದ ಮಣೆಯನ್ನೋ ಮರದ ಪೆಟ್ಟಿಗೆಯನ್ನೋ ಇಡಿ. ಕುರ್ಚಿ ಏರಿಸಿ ಕಾಲುಮಣೆ ಮರೆಯುವವರೇ ಹೆಚ್ಚು. ಕಾಲು ನೇತಾಡಿದರೆ ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಪಾದ ಜೋಮು ಹಿಡಿಯುತ್ತದೆ, ಜೋಮು ತಪ್ಪಿಸಿಕೊಳ್ಳಲು ಮುಂದೆ ಸರಿದು ಸೀಟಿನ ತುದಿಯಲ್ಲಿ ಕೂರುತ್ತೀರಿ, ಬೆನ್ನಿಗೆ ಆಸರೆ ಇಲ್ಲದಂತಾಗುತ್ತದೆ. ಒಂದು ಮಣೆ ಇಲ್ಲದ್ದಕ್ಕೆ ಇಡೀ ಕುರ್ಚಿ ವ್ಯರ್ಥ.

ಕುರ್ಚಿಯ ಬೆಲೆ ನೋಡಿ ಹಿತ ಅಳೆಯಬೇಡಿ. ಪೂರ್ತಿ ಹಿಂದಕ್ಕೆ ಸರಿದು ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಬೇಕು. ಜಾಗವಿಲ್ಲದಿದ್ದರೆ ಆ ಕುರ್ಚಿ ನಿಮಗೆ ಆಳವಾಯಿತು, ಬೆನ್ನ ಹಿಂದೆ ದಿಂಬು ಬೇಕು. ಸೊಂಟದ ಒಳಬಾಗು ಇರುವ ಕಡೆ ಸುರುಳಿ ಸುತ್ತಿದ ಟವೆಲ್ ಇಟ್ಟರೂ ಸಾಕು. ಕೈಯಿರುವ ಕುರ್ಚಿಯಾದರೆ ಆ ಕೈಗಳು ಮೇಜಿಗೆ ತಾಗಿ ನಿಮ್ಮನ್ನು ದೂರ ತಳ್ಳುತ್ತಿವೆಯೇ ನೋಡಿ. ತಳ್ಳುತ್ತಿದ್ದರೆ ಕೈಯಿಲ್ಲದ ಕುರ್ಚಿಯೇ ಮೇಲು.

ಬೆನ್ನನ್ನು ಕಂಬದ ಹಾಗೆ 90 ಡಿಗ್ರಿಗೆ ನಿಲ್ಲಿಸಬೇಕೆಂಬ ನಂಬಿಕೆಯನ್ನೂ ಬಿಡಬೇಕು. ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನುಮೂಳೆಯ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ಆಸರೆಯಿಲ್ಲದೆ ಕೂತಾಗ ಒತ್ತಡ ನಿಂತಾಗಿಗಿಂತ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಇನ್ನೂ ಹೆಚ್ಚು ಎಂದು ಅವರ ಅಳತೆ ಹೇಳಿತು. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ ಕೂರುವುದು ಅಷ್ಟೊಂದು ಕೆಟ್ಟದ್ದಲ್ಲವೆಂದೂ, ಒರಗಿ ಕೂತರೆ ಒತ್ತಡ ಚೆನ್ನಾಗಿ ಇಳಿಯುತ್ತದೆಂದೂ ಕಂಡಿತು. ಎರಡರಲ್ಲೂ ಬೆನ್ನಿಗೆ ಒರಗು ಒಳ್ಳೆಯದೇ. ಹಾಗಾಗಿ ಕುರ್ಚಿಯ ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿ, ಭಾರವನ್ನು ಅದಕ್ಕೆ ಒಪ್ಪಿಸಿ ಕೂರಿ. ಸೋಮಾರಿಯ ಹಾಗೆ ಕಾಣುತ್ತದೆಂದು ಮೇಲಧಿಕಾರಿ ಅಂದುಕೊಂಡರೆ ಅಂದುಕೊಳ್ಳಲಿ.

ಅಕ್ಕನ ನೋವು ಬಲಭುಜದಲ್ಲೇ ಹೆಚ್ಚು ಏಕೆ ಎಂಬುದು ಆಮೇಲೆ ಗೊತ್ತಾಯಿತು. ಅವರ ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಗುಂಡಿಗಳ ಸಾಲಿದೆ. ಅದನ್ನು ದಾಟಿ ಆಚೆ ಮೌಸು. ಲಗ್ನಪತ್ರಿಕೆಯ ಅಂಚಿನ ಹೂವು, ಗಣಪತಿಯ ಚಿತ್ರ, ಹೆಸರುಗಳ ಜೋಡಣೆ ಎಲ್ಲ ಮೌಸಿನ ಕೆಲಸ. ತೋಳು ದಿನವಿಡೀ ಮೈಯಿಂದ ದೂರ ಚಾಚಿಯೇ ಇರಬೇಕು. ಅಂಕಿಸಾಲು ಇಲ್ಲದ ಗಿಡ್ಡ ಕೀಬೋರ್ಡ್ ಹಾಕಿದ ಮೇಲೆ ಮೌಸು ಅಷ್ಟರಮಟ್ಟಿಗೆ ಒಳಗೆ ಬಂತು. ಲೆಕ್ಕಪತ್ರ ಬರೆಯುವವರಿಗೆ ಅಂಕಿಸಾಲು ಬೇಕೇ ಬೇಕು; ಅವರು ಮೌಸನ್ನು ಎಡಗೈಗೆ ರೂಢಿಸಿಕೊಳ್ಳುವುದು ಒಳ್ಳೆಯದು. ಮೊದಲ ವಾರ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ. ಇನ್ನೊಂದು ಸಂಗತಿ: ಕೀಬೋರ್ಡಿನ ಹಿಂಬದಿಗೆ ಎರಡು ಪುಟ್ಟ ಕಾಲುಗಳಿರುತ್ತವಲ್ಲ, ಅವನ್ನು ಎಬ್ಬಿಸಿ ಇಡುವ ರೂಢಿ ಎಲ್ಲೆಲ್ಲೂ ಇದೆ. ಮಡಚಿಬಿಡಿ. ಎಬ್ಬಿಸಿದರೆ ಮಣಿಕಟ್ಟು ಮೇಲ್ಮುಖವಾಗಿ ಬಾಗುತ್ತದೆ. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಸುರಂಗದಲ್ಲಿ ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಒತ್ತೊತ್ತಾಗಿ ಹಾದುಹೋಗುತ್ತವೆ. ಮಣಿಕಟ್ಟು ಬಾಗಿದಷ್ಟೂ ಅಲ್ಲಿ ಒತ್ತಡ ಏರುತ್ತದೆ.

ಕನ್ನಡ ಟೈಪು ಮಾಡುವವರಿಗೆ ಇಂಗ್ಲಿಷಿನವರಿಗಿಲ್ಲದ ಕೆಲವು ಭಾರಗಳಿವೆ, ಯಾವ ಕೈಪಿಡಿಯಲ್ಲೂ ನಾನು ಅವನ್ನು ನೋಡಿಲ್ಲ. ‘ನುಡಿ’ ತಂತ್ರಾಂಶದಲ್ಲೂ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದ ಇತರ ತಂತ್ರಾಂಶಗಳಲ್ಲೂ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಗುಂಡಿ ಒತ್ತಬೇಕು. ‘ರಾಷ್ಟ್ರ’ ಎಂಬ ಒಂದು ಪದಕ್ಕೆ ಎರಡು ಸಲ. ಮಹಾಪ್ರಾಣಕ್ಕೆ, ದೀರ್ಘಕ್ಕೆ ಶಿಫ್ಟ್ ಬೇಕು. ಕ್ರಯಪತ್ರದ ಭಾಷೆಯಂತೂ ಮಹಾಪ್ರಾಣ, ಒತ್ತಕ್ಷರಗಳ ಸುರಿಮಳೆ. ಎಡಗೈಯ ಕಿರುಬೆರಳಿಗೆ ಬಿಡುವೇ ಇಲ್ಲ. ನಮ್ಮಲ್ಲಿ ಬಹುಪಾಲು ಜನ ಎಡಗಡೆಯ ಶಿಫ್ಟನ್ನು ಮಾತ್ರ ಬಳಸುತ್ತೇವೆ. ‘ಧ’ ಬರೆಯಲು ಎಡಗೈಯ ಕಿರುಬೆರಳಿನಿಂದ ಶಿಫ್ಟ್, ಅದೇ ಕೈಯ ನಡುಬೆರಳಿನಿಂದ ಡಿ ಗುಂಡಿ ಒತ್ತುತ್ತೇವೆ. ಅಂಗೈ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯ ಶಿಫ್ಟ್ ಎಂದು ಟೈಪಿಂಗ್ ಮೇಷ್ಟ್ರು ಹೇಳಿಕೊಡುತ್ತಿದ್ದುದು ಇದಕ್ಕೇ. ಹಳೆಯ ಪಾಠ, ಇವತ್ತಿಗೂ ಸತ್ಯ.

ಎರಡನೆಯ ಭಾರ ಕಣ್ಣಿಗೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಪುಟ್ಟ ಗೀಟು. ‘ಪ’, ‘ಷ’ಗಳ ನಡುವೆಯೂ ಅಷ್ಟೇ. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಅಕ್ಷರ ಗಾತ್ರದಲ್ಲೇ ಕನ್ನಡ ಓದಹೊರಟರೆ ಕತ್ತು ತಾನಾಗಿ ಪರದೆಯತ್ತ ಸಾಗುತ್ತದೆ. ವಯಸ್ಕರ ತಲೆಯ ತೂಕ ನಾಲ್ಕೂವರೆ, ಐದು ಕಿಲೋ. ಅದು ಹೆಗಲ ನೇರಕ್ಕಿದ್ದರೆ ಬೆನ್ನುಮೂಳೆ ಹೊರುತ್ತದೆ. ಮುಂದಕ್ಕೆ ಚಾಚಿದರೆ ಕುತ್ತಿಗೆಯ ಹಿಂದಿನ ಸ್ನಾಯುಗಳು ಹಿಡಿದೆಳೆದುಕೊಂಡೇ ಇರಬೇಕು. ಆದ್ದರಿಂದ ಕನ್ನಡದ ಕೆಲಸ ಮಾಡುವಾಗ ಪರದೆಯ ಮೇಲೆ ಪುಟವನ್ನು ಶೇಕಡ 125ಕ್ಕೋ 150ಕ್ಕೋ ಹಿಗ್ಗಿಸಿಕೊಳ್ಳಿ. ಮುದ್ರಣದ ಗಾತ್ರ ಇದರಿಂದ ಬದಲಾಗುವುದಿಲ್ಲ. ಬಿಡಿಗಾಸು ಖರ್ಚಿಲ್ಲದ ಈ ಒಂದು ಬದಲಾವಣೆ ಸಾವಿರಾರು ರೂಪಾಯಿಯ ಕುರ್ಚಿಗಿಂತ ಹೆಚ್ಚು ಕೆಲಸ ಮಾಡುವುದನ್ನು ನೋಡಿದ್ದೇನೆ.

ಮೂರನೆಯದು ಕರಡು ಪ್ರತಿ. ಕೈಬರಹದ ಹಾಳೆಯನ್ನು ಕೀಬೋರ್ಡಿನ ಎಡಕ್ಕೆ ಮೇಜಿನ ಮೇಲೆ ಮಲಗಿಸಿಟ್ಟು, ಅತ್ತ ಬಗ್ಗಿ ಒಂದು ಸಾಲು ಓದಿ, ಇತ್ತ ತಿರುಗಿ ಟೈಪು ಮಾಡುವುದು ಎಲ್ಲ ಡಿಟಿಪಿ ಅಂಗಡಿಗಳ ನೋಟ. ಕುತ್ತಿಗೆ ದಿನಕ್ಕೆ ಎಷ್ಟು ನೂರು ಸಲ ಬಗ್ಗಿ ತಿರುಗುತ್ತದೆಂದು ಲೆಕ್ಕ ಇಡುವವರಿಲ್ಲ. ಇದಕ್ಕೆ ನಮ್ಮ ಮನೆಗಳಲ್ಲೇ ಮದ್ದಿದೆ: ಭಾರತ, ಭಾಗವತ ಇಟ್ಟು ಓದುತ್ತಿದ್ದ ವ್ಯಾಸಪೀಠ. ಅದರ ಮೇಲೆ ಹಾಳೆಯನ್ನು ರಟ್ಟಿಗೆ ಸಿಕ್ಕಿಸಿ ಓರೆಯಾಗಿ ನಿಲ್ಲಿಸಿ, ಪರದೆಯ ಪಕ್ಕದಲ್ಲೇ ಅಥವಾ ಕೀಬೋರ್ಡಿಗೂ ಪರದೆಗೂ ನಡುವೆ ಇಟ್ಟರೆ ಕಣ್ಣು ಹೊರಳಿಸಿದರೆ ಸಾಕು.

ಇನ್ನು ಲ್ಯಾಪ್‌ಟಾಪು. ಇದರ ತೊಡಕು ಅದರ ಹುಟ್ಟಿನಲ್ಲೇ ಇದೆ. ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹಿತವಾಗುವ ಎತ್ತರದಲ್ಲಿಟ್ಟರೆ ಪರದೆ ಕೆಳಗಾಗಿ ಕತ್ತು ಬಾಗುತ್ತದೆ, ಕಣ್ಣಿಗೆ ಸರಿಯಾದ ಎತ್ತರಕ್ಕೆ ಏರಿಸಿದರೆ ಕೈ ಮೇಲೇರುತ್ತದೆ. ಪ್ರಯಾಣದಲ್ಲಿ ಒಂದೆರಡು ಗಂಟೆ ಬಳಸಲು ಮಾಡಿದ ಸಾಧನದಲ್ಲಿ ನಾವು ಇಡೀ ನೌಕರಿ ಮಾಡುತ್ತಿದ್ದೇವೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಪಿ.ಜಿ.ಗಳ ಮಂಚಗಳೂ ಊರಮನೆಗಳ ಜಗಲಿಗಳೂ ಕಚೇರಿಗಳಾದವು. ಕಚೇರಿ ಮತ್ತೆ ತೆರೆದರೂ ಆ ಮಂಚದ ಅಭ್ಯಾಸ ಅನೇಕರನ್ನು ಬಿಟ್ಟಿಲ್ಲ. ಪರಿಹಾರ ಒಂದೇ: ಬೇರೆ ಕೀಬೋರ್ಡ್, ಬೇರೆ ಮೌಸು. ಸಾಧಾರಣ ಬೆಲೆಯವೇ ಸಾಕು. ಲ್ಯಾಪ್‌ಟಾಪಿನ ಕೆಳಗೆ ಸ್ಟ್ಯಾಂಡೋ ಹಳೆಯ ಪುಸ್ತಕಗಳ ಅಟ್ಟಿಯೋ ಇಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಕ್ಕೆ ಬರುವ ಹಾಗೆ ಮಾಡಿ. ಹೆಚ್ಚಿನವರಿಗೆ ಎಂಟು ಹತ್ತು ಇಂಚು ಏರಿಸಬೇಕಾಗುತ್ತದೆ. ಎರಡು ನೋಟದ ಅಥವಾ ಪ್ರೊಗ್ರೆಸಿವ್ ಕನ್ನಡಕದವರು ಮಾತ್ರ ಇಷ್ಟು ಏರಿಸಬಾರದು. ಕನ್ನಡಕದ ಕೆಳಭಾಗದಿಂದ ನೋಡಲು ಗಲ್ಲ ಎತ್ತುತ್ತಾರೆ, ಕುತ್ತಿಗೆಯ ಹಿಂಭಾಗ ಒತ್ತಿಕೊಳ್ಳುತ್ತದೆ. ಅವರಿಗೆ ಪರದೆ ಇನ್ನಷ್ಟು ಕೆಳಗೇ ಇರಲಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡುವವರನ್ನು ಕಂಡು ಮೂಗು ಮುರಿಯುವುದು ಬೇಡ. ಶಾನುಭೋಗರೂ ಅಂಗಡಿಯ ಸೇಟುಗಳೂ ಓರೆ ಹಲಗೆಯ ಡೆಸ್ಕಿನ ಮುಂದೆ ನೆಲದಲ್ಲೇ ಕೂತು ತಲೆಮಾರುಗಳ ಲೆಕ್ಕ ಬರೆದರು. ಅಲ್ಲೂ ಅಳತೆಯೇ ಮುಖ್ಯ. ಮಂಚದ ಮೇಲೆ ಬಳಸಲು ಸಿಗುವ ಮಡಚುವ ಪುಟ್ಟ ಮೇಜುಗಳು ಸಾಮಾನ್ಯವಾಗಿ 10-11 ಇಂಚು ಇರುತ್ತವೆ, ಕೂತವರ ಮೊಣಕೈ 8-9 ಇಂಚಿನಲ್ಲಿರುತ್ತದೆ. ಎರಡು ಮಡಿಕೆ ಜಮಖಾನ ಅಥವಾ ಗಟ್ಟಿ ದಿಂಬು ಹಾಕಿ ಅದರ ಅಂಚಿನ ಮೇಲೆ ಕೂತರೆ ಎತ್ತರವೂ ಹೊಂದುತ್ತದೆ, ಸೊಂಟವೂ ಹಿಂದಕ್ಕೆ ಕುಸಿಯದೆ ನಿಲ್ಲುತ್ತದೆ. ಬೆನ್ನಿಗೆ ಗೋಡೆ ಇರಲಿ. ಮಂಡಿ ನೋವಿದ್ದವರಿಗೆ ಇದು ಹೇಳಿದ್ದಲ್ಲ.

ಬೆಳಕಿನ ವಿಚಾರ ಸರಳ. ಕಿಟಕಿ ನಿಮ್ಮ ಎದುರಿಗೂ ಬೇಡ, ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಪರದೆ ಒಂದು ತೋಳಿನಷ್ಟು ದೂರವಿರಲಿ. ಫ್ಯಾನು, ಏಸಿಯ ಗಾಳಿ ನೇರ ಮುಖಕ್ಕೆ ಹೊಡೆಯದಿರಲಿ: ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಬಡಿಯುವ ರೆಪ್ಪೆ ಪರದೆ ನೋಡುವಾಗ ಅದರ ಅರ್ಧಕ್ಕೆ, ಕೆಲವರಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ, ಗಾಳಿಯೂ ಸೇರಿದರೆ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದೇನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಪಾಲಿಸಲು ಕಷ್ಟವೇನಲ್ಲ.

ಅಳತೆಯೆಲ್ಲ ಸರಿಯಾದ ಮೇಲೂ ಒಂದು ಮಾತು ಉಳಿಯುತ್ತದೆ. ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜ್ಜಿನಿ ದುಡಿಯುವವರ ಕಾಯಿಲೆಗಳ ಬಗ್ಗೆ 18ನೇ ಶತಮಾನದ ಆರಂಭದಲ್ಲೇ ಪುಸ್ತಕ ಬರೆದವರು. ಲಿಪಿಕಾರರನ್ನು, ಗುಮಾಸ್ತರನ್ನು ಗಮನಿಸಿ ಅವರ ನೋವಿಗೆ ಮೂರು ಕಾರಣ ಗುರುತಿಸಿದರು: ಸದಾ ಕೂತೇ ಇರುವುದು, ಕೈ ಒಂದೇ ಬಗೆಯಲ್ಲಿ ನಿಲ್ಲದೆ ಆಡುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿತ. ಮೇಜು ಕೊಯ್ಯಿಸಿ ಈ ಮೂರರಲ್ಲಿ ಯಾವುದನ್ನೂ ಪೂರ್ತಿ ನೀಗಿಸಲಾಗದು. ಬೆನ್ನುಮೂಳೆಯ ಡಿಸ್ಕುಗಳಿಗೆ ಸ್ವಂತ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ, ಸುತ್ತಲಿನಿಂದ ಒಸರಿ ಬರುವ ಪೋಷಣೆಯೇ ಅವಕ್ಕೆ ಆಧಾರ. ಮೈ ಅಲುಗುತ್ತಿದ್ದರೆ ಅದಕ್ಕೆ ಅನುಕೂಲ. ಅರ್ಧ ಗಂಟೆಗೊಮ್ಮೆ ಎದ್ದು ನೀರು ತನ್ನಿ, ಫೋನು ಬಂದರೆ ನಿಂತು ಮಾತಾಡಿ. ನಿಂತು ಕೆಲಸ ಮಾಡುವ ಎತ್ತರದ ಮೇಜುಗಳನ್ನು ಈಗ ಜೋರಾಗಿ ಮಾರುತ್ತಿದ್ದಾರೆ. ದಿನವಿಡೀ ನಿಂತರೂ ಕಾಲು, ಸೊಂಟ ನೋಯುತ್ತವೆ. ಕೂರುವುದು, ನಿಲ್ಲುವುದು ಅದಲುಬದಲಾಗುತ್ತಿರಬೇಕು, ಅಷ್ಟೇ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಕುತ್ತಿಗೆಯಿಂದ ತೋಳಿಗೆ ಸೆಳೆತ ಇಳಿಯುತ್ತಿದ್ದರೆ ಮಣೆ, ದಿಂಬುಗಳನ್ನು ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ.

ಯುರೋಪಿನ ದೇಶಗಳು 1990ರ ನಿರ್ದೇಶನದ ಮೂಲಕ ಪರದೆಯ ಮುಂದೆ ದುಡಿಯುವವರ ಮೇಜು, ಕುರ್ಚಿ, ಬೆಳಕು ಪರೀಕ್ಷಿಸುವುದನ್ನೂ, ಕಣ್ಣಿನ ತಪಾಸಣೆಯನ್ನೂ, ನಡುನಡುವೆ ಬಿಡುವನ್ನೂ ಮಾಲೀಕರ ಹೊಣೆಯಾಗಿಸಿದವು. ನಮ್ಮಲ್ಲಿ ನಾಡಕಚೇರಿಯ ಆಪರೇಟರುಗಳು, ಗ್ರಾಮ ಒನ್ ಕೇಂದ್ರದ ಹುಡುಗಿಯರು, ಬ್ಯಾಂಕಿನ ಕೌಂಟರಿನವರು, ಡಿಟಿಪಿ ಅಂಗಡಿಗಳ ಅಕ್ಕಂದಿರು ಯಾರೋ ಆರಿಸಿ ತಂದಿಟ್ಟ ಕುರ್ಚಿಯಲ್ಲಿ ಸರದಿ ಕರಗುವವರೆಗೆ ಕೂರುತ್ತಾರೆ. ಪೀಠೋಪಕರಣ ಖರೀದಿಗೆ ಸಹಿ ಹಾಕುವ ಅಧಿಕಾರಿಗಳಿಗೆ, ಅಂಗಡಿ ಮಾಲೀಕರಿಗೆ ನನ್ನ ವಿನಂತಿ: ಮುಂದಿನ ಸಲ ಏರಿಸಿ ಇಳಿಸಬಹುದಾದ ಕುರ್ಚಿ, ಕೀಬೋರ್ಡ್ ಟ್ರೇ, ಕಾಲುಮಣೆ ಮೂರನ್ನೂ ಪಟ್ಟಿಗೆ ಸೇರಿಸಿ, ದುಡ್ಡು ಕೊಡುವ ಮೊದಲು ಅಲ್ಲಿ ದಿನವಿಡೀ ಕೂರುವವರನ್ನು ಕರೆದು ಒಮ್ಮೆ ಕೂರಿಸಿ ನೋಡಿ.